ಎಡಕ್ಕೆ ಮೂರು ಹೆಜ್ಜೆ

ಕಪ್ಪು ಗಟ್ಟಿಯಿದ್ದರೆ ‘ಠಣ್’ ಎನ್ನುತ್ತದೆ, ಒಳಗೆ ಬಿರುಕಿದ್ದರೆ ‘ಡಬ್’ ಎನ್ನುತ್ತದೆ. ಪಿಂಗಾಣಿ ಕಾರ್ಖಾನೆಯ ಕೊನೆಯ ಮೇಜಿನ ಹಿಂದೆ ಕೂತು, ಗೇಣುದ್ದದ ಮರದ ಕಡ್ಡಿಯಿಂದ ದಿನಕ್ಕೆ ಎರಡು ಸಾವಿರ ಕಪ್ಪು ತಟ್ಟಿ, ಠಣ್ಣನ್ನೂ ಡಬ್ಬನ್ನೂ ಬೇರೆ ಮಾಡಿ ಇಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದರಿಂದ ಅವಳಿಗೆ ತಟ್ಟಕ್ಕ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲೂ ಅಷ್ಟೇ. ಊಟದ ತಟ್ಟೆ, ನೀರಿನ ಲೋಟ, ಹೊಸದಾಗಿ ತಂದ ಬಕೆಟ್ಟು, ಏನು ಕೈಗೆ ಸಿಕ್ಕರೂ ಮೊದಲು ಒಮ್ಮೆ ತಟ್ಟಿ ಕಿವಿಗೊಟ್ಟ ಮೇಲೆಯೇ ಮುಂದಿನ ಮಾತು. ಅವಳ ಕಿವಿಗೆ ಮೋಸ ಮಾಡಿದ ಕಪ್ಪು ಆ ಕಾರ್ಖಾನೆಯಲ್ಲಿ ಇನ್ನೂ ತಯಾರಾಗಿರಲಿಲ್ಲ.

ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ಒಡಕಿನ ಪುಸ್ತಕವೂ ಅವಳ ಕುತ್ತಿಗೆಗೆ ಬಿದ್ದಿತ್ತು. ಕಾರ್ಖಾನೆಯಲ್ಲಿ ಕಪ್ಪು ಒಡೆದರೆ ಯಾಕೆ ಒಡೆಯಿತು, ಯಾರಿಂದ ಒಡೆಯಿತು ಎಂದು ಅದರಲ್ಲಿ ಬರೆಯಬೇಕು. ಕಾರಣಗಳಿಗೆ ಆರು ಕಾಲಂ ಅಚ್ಚು ಹಾಕಿಸಿದ್ದರು: ಭಟ್ಟಿಯಲ್ಲಿ ಸೀಳಿದ್ದು, ಮೆರುಗು ಕೆಟ್ಟದ್ದು, ಹಿಡಿ ಬಿಟ್ಟದ್ದು, ಕಟ್ಟುವಾಗ ಒಡೆದದ್ದು, ಸಾಗಿಸುವಾಗ ಒಡೆದದ್ದು, ಕೈಜಾರಿದ್ದು. ಇದಲ್ಲದೆ ಏಳನೆಯ ದಾರಿಯೊಂದರಲ್ಲಿ ಕಪ್ಪು ಒಡೆಯಬಹುದು ಎಂದು ಹೆಡ್ ಆಫೀಸಿನಲ್ಲಿ ಕೂತು ಪುಸ್ತಕ ಅಚ್ಚು ಹಾಕಿಸಿದವರಿಗೆ ಹೊಳೆದೇ ಇರಲಿಲ್ಲ. ಅವರು ವಾಚಪ್ಪನವರನ್ನು ನೋಡಿರಲಿಲ್ಲ.

ವಾಚಪ್ಪನವರು ಹನ್ನೊಂದು ವರ್ಷದಿಂದ ಕಾರ್ಖಾನೆಯ ಮ್ಯಾನೇಜರು. ಈ ಹೆಸರನ್ನು ಇಟ್ಟವರು ಅಪ್ಪ ಅಮ್ಮ ಅಲ್ಲ, ಕೆಲಸಗಾರರು. ಇಪ್ಪತ್ತು ವರ್ಷ ಸೇವೆ ಮಾಡಿದ್ದಕ್ಕೆ ಕಂಪನಿ ಅವರಿಗೊಂದು ಚಿನ್ನದ ಬಣ್ಣದ ಕೈಗಡಿಯಾರ ಕೊಟ್ಟಿತ್ತು. ಅವರಿಗೆ ಪಿತ್ತ ನೆತ್ತಿಗೇರಿದರೆ ಮೊದಲು ಆ ವಾಚಿನ ಪಟ್ಟಿ ಬಿಚ್ಚುತ್ತಿದ್ದರು. ಗಾಜನ್ನು ಅಂಗಿಯ ತುದಿಯಿಂದ ಒರೆಸಿ ಎಡಜೇಬಿಗೆ ಇಳಿಸುತ್ತಿದ್ದರು. ಆಮೇಲೆ ಪಕ್ಕದ ಕಪಾಟಿನಿಂದ ಒಂದು ಕಪ್ಪು ತೆಗೆದು ಎದುರು ಗೋಡೆಗೆ ಬೀಸಿ ಹೊಡೆಯುತ್ತಿದ್ದರು. ಸಿಟ್ಟು ಬಂದಾಗ ಮನುಷ್ಯನಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ವಾಚಪ್ಪನವರಿಗೆ ವಾಚಿನ ಮೇಲೆ ಪೂರ್ತಿ ಪ್ರಜ್ಞೆ ಇತ್ತು. ಎಷ್ಟೇ ಸಿಟ್ಟಿದ್ದರೂ ಮೊದಲ ದರ್ಜೆಯ ಕಪ್ಪಿಗೆ ಅವರು ಕೈ ಹಾಕಿದವರಲ್ಲ, ಎರಡನೆಯ ದರ್ಜೆಯ ಕಪಾಟಿಗೇ ಹಾಕುತ್ತಿದ್ದರು. ಹೆಡ್ ಆಫೀಸಿನವರು ಬಂದ ದಿನವಂತೂ ಅವರಿಗೆ ಸಿಟ್ಟೇ ಬರುತ್ತಿರಲಿಲ್ಲ.

“ನಾನು ಗೋಡೆಗೆ ಎಸಿಯೋನು, ಮನುಷ್ಯರ ಮೇಲೆ ಒಂದಿನ ಕೈ ಮಾಡಿದೋನಲ್ಲ” ಎನ್ನುವುದು ಅವರ ಹೆಮ್ಮೆ. ಮಾತು ನಿಜವೇ. ಆದರೆ ಕಪಾಟಿಗೂ ಗೋಡೆಗೂ ನಡುವೆ, ಕಿಟಕಿಯ ಬೆಳಕಿಗೆಂದು, ಹಿಡಿ ಅಂಟಿಸುವವರ ಮೇಜು ಇತ್ತು. ಅಲ್ಲಿ ಮನುಷ್ಯರೂ ಇದ್ದರು.

ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ತಟ್ಟಕ್ಕ ಮೊದಲ ದಿನವೇ ಪಾಠ ಹೇಳುತ್ತಿದ್ದಳು. ಮಣ್ಣು ಎಲ್ಲಿದೆ, ನಲ್ಲಿ ಎಲ್ಲಿದೆ ಎಂದು ತೋರಿಸುವ ಮೊದಲೇ ಅವರನ್ನು ಮೇಜಿನ ಹತ್ತಿರ ನಿಲ್ಲಿಸಿ, “ವಾಚು ಬಿಚ್ಚಿದ್ರೆ ಎಡಕ್ಕೆ ಮೂರು ಹೆಜ್ಜೆ. ಎರಡಲ್ಲ, ಮೂರು. ಯಾಕೆ ಏನು ಅಂತ ಕೇಳ್ತಾ ನಿಲ್ಬೇಡಿ, ತಿರುಗಿ ನೋಡ್ಬೇಡಿ, ಸುಮ್ನೆ ಸರೀರಿ” ಎನ್ನುತ್ತಿದ್ದಳು. ನಾಲ್ಕೈದು ಸಲ ಅಭ್ಯಾಸವನ್ನೂ ಮಾಡಿಸುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಏಟು ಬಿದ್ದಿರಲಿಲ್ಲ. ಇದು ತನ್ನಿಂದಲೇ ಆದದ್ದು ಎಂದು ಅವಳಿಗೆ ಒಳಗೊಳಗೇ ಸಣ್ಣ ಜಂಬವೂ ಇತ್ತು.

ಇನ್ನು ಒಡೆದ ಕಪ್ಪಿನ ವಿಷಯ. ‘ಮ್ಯಾನೇಜರು ಎಸೆದದ್ದು’ ಎಂಬ ಕಾಲಂ ಇಲ್ಲ, ಇದ್ದರೂ ಬರೆಯುವ ಗಂಡೆದೆ ಯಾರಿಗೂ ಇಲ್ಲ. ಹಾಗಾಗಿ ಅದು ‘ಕೈಜಾರಿದ್ದು’ ಕಾಲಂಗೆ ಹೋಗುತ್ತಿತ್ತು. ಯಾರ ಕೈ? ಇದಕ್ಕೊಂದು ಸರದಿ ಇತ್ತು. ಕಪ್ಪುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಹುಲ್ಲಣ್ಣ, ರಟ್ಟಿನ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ನಲವತ್ತು ಜನರ ಹೆಸರು ಬರೆದುಕೊಂಡಿದ್ದ. ಗೋಡೆಯಲ್ಲಿ ‘ಫಳ್’ ಎಂದ ಕೂಡಲೇ ತಟ್ಟಕ್ಕ ಪೆನ್ನು ತೆಗೆದು ಕೇಳುತ್ತಿದ್ದಳು.

“ಯಾರ ಕೈ ಹುಲ್ಲಣ್ಣ?”

“ಈ ಸಲ ಮಣ್ಣು ಕಲಸೋನದು ಅಕ್ಕಾ.”

ಮುಚ್ಚಳದಲ್ಲಿ ತಾರೀಖು, ಹೆಸರು, ಒಂದು ಗೀಟು. ಎಲ್ಲರಿಗೂ ಸಮಪಾಲು, ಯಾರ ತಕರಾರೂ ಇಲ್ಲ. ಗೇಟಿನ ಹೊರಗೆ ಕೂತು, ಕಾರ್ಖಾನೆಯ ಕಪ್ಪನ್ನು ಕಣ್ಣಿನಿಂದಲೂ ನೋಡದ ಕಾವಲುಗಾರನ ಕೈಯಿಂದ ಒಂದೇ ವರ್ಷದಲ್ಲಿ ನಾಲ್ಕು ಕಪ್ಪು ಜಾರಿದ್ದವು. ಭಟ್ಟಿಯವನೊಬ್ಬ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಗಲೂ ಇಲ್ಲಿ ಅವನ ಕೈ ಒಮ್ಮೆ ಜಾರಿತ್ತು. ಹೆಡ್ ಆಫೀಸಿನವರು ಪ್ರತಿ ತಿಂಗಳು ಪುಸ್ತಕದ ಪ್ರತಿ ತರಿಸಿಕೊಂಡು ಕೆಳಗೆ ಸಹಿ ಹಾಕಿ ಕಳಿಸುತ್ತಿದ್ದರು.

ಒಂದು ದಿನ ಯಾರೋ ಬುದ್ಧಿವಂತರು ಅಲ್ಲಿ ಕೂತು ನಕ್ಷೆ ಬರೆದರು. ಉಳಿದ ಐದು ಕಾಲಂ ಇಳಿಯುತ್ತಿವೆ, ‘ಕೈಜಾರಿದ್ದು’ ಮಾತ್ರ ಏರುತ್ತಿದೆ. ಅಂದರೆ ಈ ಕಾರ್ಖಾನೆಯವರ ಕೈಯಲ್ಲಿ ಬಲವಿಲ್ಲ ಎಂದು ತೀರ್ಮಾನವಾಯಿತು. ಮೊದಲು ಒರಟು ರಬ್ಬರಿನ ಕೈಗವಸು ಬಂದವು. ಅವನ್ನು ಹಾಕಿಕೊಂಡರೆ ಹಸಿ ಮಣ್ಣಿನ ಹಿಡಿ ಅಂಟಿಸುವುದು ಹಾಗಿರಲಿ, ಮೂಗು ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ. ಆಮೇಲೆ ಹಿಸುಕಿ ಹಿಸುಕಿ ಬೆರಳು ಗಟ್ಟಿ ಮಾಡಿಕೊಳ್ಳಲು ತಲೆಗೊಂದು ರಬ್ಬರ್ ಚೆಂಡು ಬಂತು. ಬೆಳಿಗ್ಗೆ ಹತ್ತು ನಿಮಿಷ ನಲವತ್ತು ಜನ ಸಾಲಾಗಿ ನಿಂತು ಚೆಂಡು ಹಿಸುಕುತ್ತಿದ್ದರೆ, ವಾಚಪ್ಪನವರು ಮುಂದೆ ನಿಂತು ತಾವೂ ಒಂದು ಹಿಸುಕುತ್ತಾ “ಗಟ್ಟಿಯಾಗಿ! ಇನ್ನೂ ಗಟ್ಟಿಯಾಗಿ!” ಎಂದು ಹುರಿದುಂಬಿಸುತ್ತಿದ್ದರು. ಅವರ ಕೈಯಂತೂ ಮೊದಲಿಗಿಂತ ಗಟ್ಟಿಯಾಯಿತು.

ಇಷ್ಟಾದರೂ ನಕ್ಷೆ ಇಳಿಯದಿದ್ದಾಗ ಸುತ್ತೋಲೆ ಬಂತು. ಆರು ತಿಂಗಳಲ್ಲಿ ಮೂರು ಸಲ ಕೈಜಾರಿದವರು ಮನೆಗೆ ಹೋಗಬೇಕು. ಅಲ್ಲಿಗೆ ಹುಲ್ಲಣ್ಣನ ಮುಚ್ಚಳಕ್ಕೆ ಇದ್ದಕ್ಕಿದ್ದಂತೆ ತೂಕ ಬಂದುಬಿಟ್ಟಿತು. ಹಳಬರಿಗೆಲ್ಲ ಆಗಲೇ ಒಂದೊಂದು, ಎರಡೆರಡು ಗೀಟು ಬಿದ್ದಿದ್ದವು. ಖಾಲಿ ಇದ್ದದ್ದು ಹೊಸಬರ ಹೆಸರು.

ಹೊಸಬರಲ್ಲಿ ಒಬ್ಬಳು ತಟ್ಟಕ್ಕನ ಸ್ವಂತ ತಮ್ಮನ ಮಗಳು. ಗಂಡ ಬಿಟ್ಟುಹೋದ ಮೇಲೆ ಮೂರು ವರ್ಷದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಅತ್ತೆಯ ಎರಡು ಕೋಣೆಯ ಮನೆಗೆ ಬಂದಿದ್ದಳು. ಐದು ತಿಂಗಳ ಹಿಂದೆ ತಟ್ಟಕ್ಕನೇ ಕಾಡಿ ಬೇಡಿ ಅವಳನ್ನು ಹಿಡಿ ಅಂಟಿಸುವ ಮೇಜಿಗೆ ಸೇರಿಸಿದ್ದಳು. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ. ಹಾಗಿದ್ದೂ ಹುಲ್ಲಣ್ಣ “ಹೊಸಬರು ಒಂದೆರಡು ತಡ್ಕೊಳ್ಲಿ ಅಕ್ಕಾ, ಹಳಬ್ರು ಉಳೀತಾರೆ” ಎಂದಾಗ, ಎರಡು ಸಲ ಸೊಸೆಯ ಹೆಸರನ್ನು ದುಂಡಗೆ ಬರೆದವಳು ತಟ್ಟಕ್ಕನೇ. ತನ್ನವಳೆಂದು ಪಕ್ಷಪಾತ ಮಾಡಿದಳು ಎಂದು ಯಾರೂ ಬೆರಳು ತೋರಿಸಬಾರದು ನೋಡಿ. ನ್ಯಾಯವಂತರು ಮಾಡುವ ಅನ್ಯಾಯಕ್ಕೆ ಅಕ್ಷರ ಯಾವಾಗಲೂ ದುಂಡಗೇ ಇರುತ್ತದೆ.

ಹೀಗಿರುವಾಗ ಇನ್ನೊಂದು ಸುತ್ತೋಲೆ ಬಂತು. ‘ಕೆಲಸದ ಜಾಗದಲ್ಲಿ ಹಿಂಸೆ: ಅರಿಯಿರಿ, ತಡೆಯಿರಿ.’ ಪ್ರತಿ ಕಾರ್ಖಾನೆಯಲ್ಲೂ ಹಿಂಸೆ ತಡೆಯುವ ಸಮಿತಿ ಆಗಬೇಕು, ಗೋಡೆಗೆ ಭಿತ್ತಿಪತ್ರ ಅಂಟಿಸಬೇಕು, ಗುರುವಾರ ತರಬೇತಿ ಕೊಡುವ ಮೇಷ್ಟ್ರೊಬ್ಬರು ಬರುತ್ತಾರೆ, ಜೊತೆಗೆ ಹೆಡ್ ಆಫೀಸಿನ ಅಧಿಕಾರಿ ಮೇಡಂ ಬಂದು ಪುಸ್ತಕಗಳನ್ನು ನೋಡುತ್ತಾರೆ. ಸಮಿತಿಗೆ ಅಧ್ಯಕ್ಷರು ಯಾರಾಗಬೇಕು ಎಂದು ವಾಚಪ್ಪನವರು ಸಭೆಯಲ್ಲಿ ಕೇಳಿದರು. ಕೇಳುತ್ತಾ ಮಣಿಕಟ್ಟು ತುರಿಸಿಕೊಂಡರು. ಅವರೇ ಆಗಬೇಕೆಂದು ಸಭೆ ಒಕ್ಕೊರಲಿನಿಂದ ಹೇಳಿತು. ‘ನಮ್ಮಲ್ಲಿ ಹಿಂಸೆ ಇಲ್ಲ, ಹಿಂದೆಯೂ ಇರಲಿಲ್ಲ, ಮುಂದೆಯೂ ಇರಲು ಬಿಡುವುದಿಲ್ಲ’ ಎಂಬ ವರದಿಗೆ ನಲವತ್ತು ಸಹಿ ಬಿದ್ದವು.

ಸೋಮವಾರ ಬೆಳಿಗ್ಗೆ ಭಿತ್ತಿಪತ್ರ ಬಂತು. ಒಂದು ದೊಡ್ಡ ಅಂಗೈಯ ಚಿತ್ರ, ಕೆಳಗೆ ಕೆಂಪಕ್ಷರದಲ್ಲಿ ‘ಹಿಂಸೆಗೆ ಇಲ್ಲಿ ಜಾಗವಿಲ್ಲ’. ಅದನ್ನು ಹುಲ್ಲಣ್ಣ ಗೋಂದು ಹಚ್ಚಿ ಎದುರು ಗೋಡೆಗೆ ಅಂಟಿಸಿದ. ಆ ಗೋಡೆಯಲ್ಲಿ ಹನ್ನೊಂದು ವರ್ಷದ ಗುಳಿಗಳು ತುಂಬಿದ್ದರಿಂದ ಕಾಗದ ಸರಿಯಾಗಿ ಕೂರದೆ ಎರಡು ಬೆರಳಿನಷ್ಟು ಓರೆಯಾಯಿತು.

ವಾಚಪ್ಪನವರು ಬಂದರು, ನೋಡಿದರು, ತಲೆ ಓರೆ ಮಾಡಿ ಮತ್ತೊಮ್ಮೆ ನೋಡಿದರು. “ಒಂದು ಕಾಗದ ನೆಟ್ಟಗೆ ಅಂಟಿಸೋ ಯೋಗ್ಯತೆ ಇಲ್ವೇನ್ರೋ ನಿಮಗೆ! ಗುರುವಾರ ಮೇಡಂ ಬಂದ್ರೆ ಏನಂದ್ಕೋಬೇಕು?” ಎಂದರು. ವಾಚು ಬಿಚ್ಚಿದರು. ಒರೆಸಿದರು. ಜೇಬಿಗೆ ಇಳಿಸಿದರು.

ಮೇಜಿನ ಸುತ್ತ ಇದ್ದವರೆಲ್ಲ ಎಡಕ್ಕೆ ಮೂರು ಹೆಜ್ಜೆ ಸರಿದರು. ಒಬ್ಬಳು ಸರಿಯಲಿಲ್ಲ.

ಕಪ್ಪು ಅವಳ ಹುಬ್ಬಿನ ಮೇಲೆ ತಗುಲಿ, ಅಲ್ಲಿಂದ ಹಾರಿ, ನೆಲಕ್ಕೆ ಬಿದ್ದು ಒಡೆಯಿತು. ತಟ್ಟಕ್ಕ ಎದ್ದು ಓಡಿ ಬಂದಾಗ ತಮ್ಮನ ಮಗಳ ಮುಖದ ಅರ್ಧ ಭಾಗ ರಕ್ತವಾಗಿತ್ತು. ಹುಡುಗಿ ಕಿರುಚಲೂ ಇಲ್ಲ. ಎರಡೂ ಕೈಯಲ್ಲಿ ಹಸಿ ಮಣ್ಣಿನ ಕಪ್ಪೊಂದನ್ನು ಹಿಡಿದುಕೊಂಡು, ಹೆಬ್ಬೆರಳಿನಿಂದ ಅದರ ಹಿಡಿಯನ್ನು ಒತ್ತಿಕೊಂಡು, ತುಟಿಯಲ್ಲೇ ಏನೋ ಗುಣುಗುಣಿಸುತ್ತಿದ್ದಳು.

ಆಗ ತಟ್ಟಕ್ಕನ ಬಾಯಿಂದ ಬಂದ ಮೊದಲ ಮಾತು, ದೇವರಾಣೆಗೂ ಆಮೇಲೆ ಅವಳು ಅದಕ್ಕಾಗಿ ನಾಚಿಕೊಂಡಳು, “ಯಾಕೆ ಸರೀಲಿಲ್ಲ ನೀನು?”

ಹುಡುಗಿ ಹಲಗೆಯ ಮೇಲೆ ಕಪ್ಪನ್ನು ನಿಧಾನವಾಗಿ ಇಳಿಸಿದಳು. “ಹತ್ತು ಎಣಿಸೋವರೆಗೂ ಹಿಡಿ ಬಿಡ್ಬೇಡ, ಬಿಟ್ರೆ ಬಿದ್ದೋಗುತ್ತೆ ಅಂತ ನೀನೇ ಹೇಳಿದ್ದೆ ಅತ್ತೆ. ಆರಕ್ಕೆ ಬಂದಿದ್ದೆ” ಎಂದಳು.

ವಾಚಪ್ಪನವರೂ ಗಾಬರಿಯಾದರು. ಅವರ ಗಾಬರಿಗೂ ಒಂದು ಧಾಟಿ ಇತ್ತು. “ಎಡಕ್ಕೆ ಹೋಗ್ಬೇಕು ಅಂತ ಇವಳಿಗೆ ಯಾರೂ ಹೇಳ್ಕೊಟ್ಟಿಲ್ವಾ? ಹೊಸಬ್ರಿಗೆ ತರಬೇತಿ ಕೊಡೋದು ಯಾರ ಜವಾಬ್ದಾರಿ ಇಲ್ಲಿ?” ಎಂದು ಕೂಗಾಡಿದರು. ಆ ಕ್ಷಣದವರೆಗೆ ಎಡಕ್ಕೆ ಮೂರು ಹೆಜ್ಜೆಯ ವಿಷಯ ಅವರಿಗೆ ಗೊತ್ತಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಗೊತ್ತಿತ್ತು. ಕಾರ್ಖಾನೆಯ ನಿಯಮಗಳಲ್ಲಿ ಅದೂ ಒಂದು ಎಂದು ಅವರು ತಿಳಿದುಕೊಂಡಿದ್ದರು.

ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ದವಾಖಾನೆಯ ಚೀಟಿಯಲ್ಲಿ ‘ಕಪ್ಪು ತಗುಲಿ ಗಾಯ’ ಎಂದು ಹುಡುಗಿಯ ಹೆಸರಿನಲ್ಲಿ ಬರೆದುಕೊಟ್ಟರು. ಮಧ್ಯಾಹ್ನ ವಾಚಪ್ಪನವರು ತಟ್ಟಕ್ಕನ ಮೇಜಿನ ಮುಂದೆ ನಿಂತು, ದನಿ ಇಳಿಸಿ, “ನೋಡಮ್ಮಾ, ಗಾಯಕ್ಕೆ ಸರಿಹೊಂದೋ ಹಾಗೆ ಪುಸ್ತಕದಲ್ಲಿ ಇರ್ಬೇಕು. ಮೇಲಿಂದ ತೆಗೆಯೋಕೆ ಹೋದ್ಲು, ಕೈ ಜಾರ್ತು, ತಲೆ ಮೇಲೆ ಬಿತ್ತು. ಗುರುವಾರದೊಳಗೆ ಬರೆದಿಡು” ಎಂದರು.

“ಸಾರ್, ಅವಳಿಗೆ ಇದು ಮೂರನೇದಾಗುತ್ತೆ.”

“ನಿಯಮ ನಾನು ಮಾಡಿದ್ದಲ್ವಲ್ಲಮ್ಮಾ” ಎಂದು ವಾಚಪ್ಪನವರು ನಿಜವಾಗಿಯೂ ಬೇಸರ ಪಟ್ಟುಕೊಂಡು ಹೇಳಿದರು.

ಹುಲ್ಲಣ್ಣ ಓಡಿ ಬಂದ. “ನನ್ನ ಹೆಸರು ಬರೀರಿ ಅಕ್ಕಾ, ನಂದು ಒಂದೇ ಆಗಿರೋದು” ಎಂದ. ಆದರೆ ಹೊಲಿಗೆ ಹುಡುಗಿಯ ಹುಬ್ಬಿನಲ್ಲಿತ್ತು, ಚೀಟಿ ಅವಳ ಹೆಸರಿನಲ್ಲಿತ್ತು. ಹನ್ನೊಂದು ವರ್ಷ ಯಾರ ಕೈಯನ್ನು ಬೇಕಾದರೂ ಜಾರಿಸಿದ ಸರದಿ ಮೊದಲ ಸಲ ಕೆಲಸಕ್ಕೆ ಬಾರದೆ ಹೋಯಿತು. ಸೋಮವಾರದ ಸಾಲಿನಲ್ಲಿ ತಾರೀಖು ಬರೆದು ತಟ್ಟಕ್ಕ ಪೆನ್ನು ಕೆಳಗಿಟ್ಟಳು.

ಸಂಜೆ ಮನೆಯಲ್ಲಿ ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. “ನೀನು ಬರೆದುಬಿಡು ಅತ್ತೆ. ನಂಗೋಸ್ಕರ ನೀನು ಕೆಲಸ ಕಳ್ಕೋಬೇಡ. ಇಬ್ರೂ ಮನೇಲಿ ಕೂತ್ರೆ ಈ ಕೂಸಿನ ಗತಿ ಏನು?” ಎಂದಳು. ಅಷ್ಟರಲ್ಲಿ ಆ ಕೂಸು ಒಂದು ಚಮಚ ಹಿಡಿದು ಬಂತು. ಅಜ್ಜಿ ಮಾಡುವುದನ್ನು ದಿನಾ ನೋಡಿ ಕಲಿತಿತ್ತಲ್ಲ, ಅಮ್ಮನ ತಲೆಯ ಬಟ್ಟೆಯ ಮೇಲೆ ಚಮಚದಿಂದ ಮೆಲ್ಲಗೆ ಒಮ್ಮೆ ತಟ್ಟಿತು. ಕಿವಿ ಹತ್ತಿರ ತಂದು ಕೇಳಿಸಿಕೊಂಡಿತು.

“ಡಬ್” ಎಂದಿತು ಕೂಸು, ತಟ್ಟಕ್ಕನ ಕಡೆ ತಿರುಗಿ.

ತಟ್ಟಕ್ಕ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಏಟು ಬೀಳದ ಹಾಗೆ ಮಾಡುವುದರಲ್ಲಿ ಹನ್ನೊಂದು ವರ್ಷ ಕಳೆದಳೇ ಹೊರತು ಎಸೆಯದ ಹಾಗೆ ಮಾಡುವುದು ಅವಳ ತಲೆಗೇ ಬಂದಿರಲಿಲ್ಲ. ತಾನು ಜನರನ್ನು ಕಾಪಾಡುತ್ತಿದ್ದೇನೆ ಎಂದು ತಿಳಿದಿದ್ದಳು. ಆ ಮನುಷ್ಯನಿಗೆ ಎಸೆಯಲು ಜಾಗ ಖಾಲಿ ಮಾಡಿಕೊಡುತ್ತಿದ್ದಳು, ಅಷ್ಟೇ. ಈ ಯೋಚನೆ ಬಂದಾಗ ಅವಳಿಗೆ ವಾಚಪ್ಪನಿಗಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಗುರುವಾರ ಹಿಡಿ ಅಂಟಿಸುವ ಮೇಜನ್ನು ಬದಿಗೆ ಸರಿಸಿ, ಭಿತ್ತಿಪತ್ರದ ಗೋಡೆಯ ಎದುರು ಗುಡಿಸಿ ಬೆಂಚು ಹಾಕಿದ್ದರು. ಪುಸ್ತಕ ತೋರಿಸಬೇಕೆಂದು ತಟ್ಟಕ್ಕನನ್ನು ಎದುರು ಮೇಜಿನ ಪಕ್ಕದಲ್ಲೇ ಕೂರಿಸಿದ್ದರು. ತರಬೇತಿಯ ಮೇಷ್ಟ್ರು ಕೆನ್ನೆ ತುಂಬ ನಗು ಇದ್ದ ಮನುಷ್ಯ, ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಮಾತಾಡಿದರು. ಹಿಂಸೆ ಎಂಬುದು ಹೆಚ್ಚಾಗಿ ಹೊರಗಿನಿಂದ ಬರುತ್ತದೆ, ಆದ್ದರಿಂದ ಗೇಟಿನಲ್ಲಿ ಅಪರಿಚಿತರನ್ನು ಗಮನಿಸಬೇಕು. ಮನಸ್ಸಿಗೆ ಕಿರಿಕಿರಿಯಾದರೆ ಮೂಗಿನಿಂದ ಉಸಿರೆಳೆದು ಬಾಯಿಯಿಂದ ಬಿಡಬೇಕು. ನಲವತ್ತು ಜನ ಎಳೆದರು, ಬಿಟ್ಟರು. ವಾಚಪ್ಪನವರು ಎಲ್ಲರಿಗಿಂತ ಜೋರಾಗಿ ಬಿಟ್ಟರು.

“ಬಹಳ ಮುಖ್ಯವಾದ್ದು ಹೇಳ್ತೀನಿ. ಹಿಂಸೆ ಹೇಳದೆ ಕೇಳದೆ ಬರಲ್ಲ, ಮೊದಲು ಏನಾದ್ರೂ ಒಂದು ಸೂಚನೆ ಕೊಡುತ್ತೆ. ಅದನ್ನ ಗುರುತಿಸೋಕೆ ಕಲೀಬೇಕು. ಕಂಡ ಕೂಡಲೇ ಸುರಕ್ಷಿತ ಅಂತರಕ್ಕೆ ಸರೀಬೇಕು. ಅಂಥ ಸೂಚನೆ ಯಾವುದಿರಬಹುದು, ಯಾರಾದ್ರೂ ಹೇಳ್ತೀರಾ?” ಎಂದು ಮೇಷ್ಟ್ರು ಕೇಳಿದರು.

ನಲವತ್ತು ಜನ ತಮ್ಮ ಕಾಲ ಹೆಬ್ಬೆರಳನ್ನು ನೋಡಿಕೊಂಡರು. “ಪರವಾಗಿಲ್ಲ, ಇವೆಲ್ಲ ನಿಮಗೆ ಹೊಸದು” ಎಂದು ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಮುಂದಿನ ಚಿತ್ರಕ್ಕೆ ಹೋದರು.

ಅಧಿಕಾರಿ ಮೇಡಂ ಮುಂದಿನ ಮೇಜಿನಲ್ಲಿ ಕೂತು ಇಷ್ಟು ಹೊತ್ತೂ ಒಡಕಿನ ಪುಸ್ತಕವನ್ನು ತಿರುವಿಹಾಕುತ್ತಿದ್ದರು. ಮಾತು ಕಡಿಮೆ, ಕೈಯಲ್ಲಿ ಪೆನ್ಸಿಲ್ಲು. ಮೇಷ್ಟ್ರು ನೀರು ಕುಡಿಯಲು ನಿಂತಾಗ ಅವರು ತಲೆಯೆತ್ತಿ, “ಸೋಮವಾರದ್ದು ಖಾಲಿ ಇದೆಯಲ್ಲ?” ಎಂದರು.

“ನಮ್ಮ ಆ ಹುಡುಗಿ ಮೇಡಂ, ತುಂಬಾ ಅಜಾಗರೂಕತೆ” ಎಂದು ವಾಚಪ್ಪನವರು ಕೂಡಲೇ ಎದ್ದು ಬಂದು ಹೇಳಿದರು. “ಕೈಗವಸು ಕೊಟ್ವಿ, ಚೆಂಡು ಕೊಟ್ವಿ. ಇದು ಮೂರನೇ ಸಲ ಜಾರಿರೋದು. ನನಗೂ ಸಂಕಟಾನೇ, ಏನ್ಮಾಡೋದು. ಬರಿಯಮ್ಮಾ, ಯಾಕೆ ಬಿಟ್ಟಿದ್ದೀಯ?”

ತಟ್ಟಕ್ಕ ಎದ್ದು ನಿಲ್ಲಲಿಲ್ಲ.

“ಕಾಲಂ ಸಿಗಲಿಲ್ಲ ಮೇಡಂ” ಎಂದಳು.

“ಕೈಜಾರಿದ್ದು ಅಂತ ಇದೆಯಲ್ಲಮ್ಮಾ?”

“ಅವಳ ಕೈ ಜಾರಿಲ್ಲ ಮೇಡಂ.” ತಟ್ಟಕ್ಕ ಕರವಸ್ತ್ರದ ಗಂಟು ಬಿಚ್ಚಿ, ನೆಲದಿಂದ ಆಯ್ದಿಟ್ಟಿದ್ದ ಸೋಮವಾರದ ಚೂರುಗಳನ್ನು ಮೇಜಿನ ಮೇಲೆ ಹರಡಿದಳು. “ಇದು ಸುಟ್ಟು ಮೆರುಗು ಹಾಕಿದ ಕಪ್ಪು. ಅವಳು ಹಿಡಿ ಅಂಟಿಸೋಳು. ಅವಳ ಕೈಗೆ ಬರೋದು ಹಸಿ ಮಣ್ಣು ಮಾತ್ರ, ಅದು ಜಾರಿದ್ರೆ ಅಪ್ಪಚ್ಚಿ ಆಗುತ್ತೆ, ಹೀಗೆ ಒಡೆಯಲ್ಲ. ಅವತ್ತು ಅವಳ ಎರಡು ಕೈಲೂ ಕಪ್ಪಿತ್ತು. ತಲೆಗೆ ಏಟು ಬಿದ್ರೂ ಅವಳು ಅದನ್ನ ಬಿಟ್ಟಿಲ್ಲ. ಆ ಕಪ್ಪು ನಿನ್ನೆ ಭಟ್ಟಿಗೆ ಹೋಗಿದೆ.”

ಮೇಡಂ ಪೆನ್ಸಿಲ್ಲಿನ ತುದಿಯಿಂದ ಚೂರನ್ನು ಸರಿಸಿ ನೋಡಿದರು. ಹಿಂದಿನ ಪುಟಗಳನ್ನು ತಿರುವಿದರು. “ಗೇಟಿನ ಕಾವಲುಗಾರ...” ಎಂದು ತಮ್ಮಷ್ಟಕ್ಕೆ ಓದಿಕೊಂಡರು. “ಗೇಟಿನವನ ಕೈಗೆ ಕಪ್ಪು ಯಾಕೆ ಬಂತು?” ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಅವರೇ ಮೊದಲು.

“ಏ, ಏನಮ್ಮಾ ತಲೆಹರಟೆ ಮಾತಾಡ್ತಿದ್ದೀಯ!” ಎಂದರು ವಾಚಪ್ಪನವರು. ಮುಖ ಭಟ್ಟಿಯ ಬಾಗಿಲಿನಂತೆ ಕೆಂಪಾಗಿತ್ತು. ಅವರ ಬಲಗೈ ಎಡ ಮಣಿಕಟ್ಟಿಗೆ ಹೋದದ್ದು ಈ ಸಲ ಅವರಿಗೇ ಗೊತ್ತಾಗಲಿಲ್ಲ.

ಪಟ್ಟಿಯ ಕೊಂಡಿ ‘ಟಕ್’ ಎಂದಿತು.

ಅಷ್ಟೇ ಸದ್ದು. ಬೆಂಚುಗಳು ಕಿರ್ರೆಂದವು, ಮೂವತ್ತೊಂಬತ್ತು ಜನ ಒಂದೇ ಸಲಕ್ಕೆ ಎದ್ದು ಎಡಕ್ಕೆ ಮೂರು ಹೆಜ್ಜೆ ಸರಿದರು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಸರಿದ. ಹುಲ್ಲಣ್ಣ ಸರಿದ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದ ಹುಡುಗಿ ಈ ಸಲ ತಾನೂ ಸರಿದಳು. ಸರಿಯುತ್ತಾ, ದಾರಿಯಲ್ಲೇ ಕೂತಿದ್ದ ಅಧಿಕಾರಿ ಮೇಡಂ ಅವರ ತೋಳು ಹಿಡಿದು ಕುರ್ಚಿಯಿಂದ ಎಳೆದುಕೊಂಡೇ ಸರಿದಳು. “ಈ ಕಡೆ ಬನ್ನಿ ಮೇಡಂ, ಅಲ್ಲಿರ್ಬೇಡಿ” ಎಂದಳು.

ನೆಲದ ನಡುವೆ ದಾರಿಯಷ್ಟಗಲ ಜಾಗ ಖಾಲಿಯಾಯಿತು. ಒಂದು ತುದಿಯಲ್ಲಿ ವಾಚನ್ನು ಕೈಯಲ್ಲಿ ಹಿಡಿದ ವಾಚಪ್ಪನವರು, ಇನ್ನೊಂದು ತುದಿಯಲ್ಲಿ ಗೋಡೆಯ ಮೇಲೆ ಓರೆಯಾದ ಅಂಗೈ.

ಮೇಷ್ಟ್ರಿಗೆ ಆನಂದವಾಗಿ ಚಪ್ಪಾಳೆ ತಟ್ಟಿದರು. “ಭೇಷ್! ಇದೇ ನೋಡಿ ನಾನು ಹೇಳಿದ ಸುರಕ್ಷಿತ ಅಂತರ! ಒಂದೇ ಪಾಠದಲ್ಲಿ ಇಷ್ಟು ಚೆನ್ನಾಗಿ ಕಲಿತವರನ್ನ ನಾನು ಎಲ್ಲೂ ನೋಡಿಲ್ಲ!” ಬೇರೆ ಯಾರೂ ತಟ್ಟದ್ದರಿಂದ ಅವರ ಚಪ್ಪಾಳೆ ಮೂರಕ್ಕೇ ನಿಂತಿತು.

ಮೇಡಂ ತೋಳು ಬಿಡಿಸಿಕೊಳ್ಳಲಿಲ್ಲ. ಹುಡುಗಿಯನ್ನೇ ಕೇಳಿದರು. “ಯಾಕೆ ಎಳೆದೆ ನನ್ನನ್ನ?”

“ವಾಚು ಬಿಚ್ಚಿದ್ರಲ್ಲ ಮೇಡಂ” ಎಂದಳು ಹುಡುಗಿ, ಮೇಡಮ್ಮಿಗೆ ಇಷ್ಟೂ ತಿಳಿಯದೇ ಎಂಬಂತೆ.

“ಬಿಚ್ಚಿದ್ರೆ?”

ಹುಡುಗಿ ಅತ್ತೆಯ ಕಡೆ ನೋಡಿದಳು. ಸರಿಯದೆ ಉಳಿದಿದ್ದವಳು ತಟ್ಟಕ್ಕ ಒಬ್ಬಳೇ. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಸ್ಕೇಲು ಇಟ್ಟು, ಆರನೆಯ ಕಾಲಂ ಪಕ್ಕದಲ್ಲಿ ಗೆರೆ ಎಳೆದು ಏಳನೆಯದನ್ನು ಮಾಡಿದಳು. ಮೇಲೆ ‘ಎಸೆದದ್ದು’ ಎಂದು ಬರೆದಳು. ಕೆಳಗೆ ಸೋಮವಾರದ ಸಾಲಿನಲ್ಲಿ ಮ್ಯಾನೇಜರರ ಹೆಸರು ಬರೆದಳು. ಆ ಒಂದು ಸಲ ಮಾತ್ರ ಅಕ್ಷರ ದುಂಡಗೆ ಬರಲಿಲ್ಲ.

“ಬಿಚ್ಚಿದ್ರೆ ಕಪ್ಪು ಬರುತ್ತೆ ಮೇಡಂ. ಹನ್ನೊಂದು ವರ್ಷದಿಂದ ಬರ್ತಿದೆ. ಜಾರಿದ್ದು ಅಂತ ಇರೋದೆಲ್ಲ ಸುಳ್ಳು. ಬರೆದವಳು ನಾನೇ” ಎಂದಳು.

“ಇದಕ್ಕೆ ಆಧಾರ?” ಎಂದರು ವಾಚಪ್ಪನವರು. ವಾಚು ಇನ್ನೂ ಕೈಯಲ್ಲೇ ಇತ್ತು. ಕಟ್ಟಿಕೊಳ್ಳುವುದೋ ಜೇಬಿಗೆ ಹಾಕುವುದೋ ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು.

ಹುಲ್ಲಣ್ಣ ಕೆಮ್ಮಿದ. ಹುಲ್ಲಿನ ರಾಶಿಯ ಹಿಂದೆ ಹೋಗಿ, ರಟ್ಟಿನ ಮುಚ್ಚಳಗಳ ಕಟ್ಟೊಂದನ್ನು ಎದೆಗೊತ್ತಿ ಹೊತ್ತು ತಂದ. ಹನ್ನೊಂದು ವರ್ಷದ್ದು, ತಾರೀಖು, ಹೆಸರು, ಗೀಟು. ಯಾವುದನ್ನೂ ಅವನು ಎಸೆದಿರಲಿಲ್ಲ. “ಸರದೀಲಿ ಯಾರಿಗೂ ಅನ್ಯಾಯ ಆಗ್ಬಾರ್ದಲ್ಲ ಮೇಡಂ, ಅದಕ್ಕೇ ಇಟ್ಕೊಂಡಿದ್ದೆ” ಎಂದ.

ಮರುದಿನದಿಂದ ವಾಚಪ್ಪನವರು ಬರಲಿಲ್ಲ. ಆದದ್ದನ್ನು ಏನೆಂದು ಕರೆಯಬೇಕು ಎಂದು ತೀರ್ಮಾನಿಸಲು ಹೆಡ್ ಆಫೀಸಿಗೆ ಮೂರು ಸಭೆ ಬೇಕಾಯಿತು. ಕೊನೆಗೆ ‘ವಸ್ತುಗಳನ್ನು ಅನಗತ್ಯ ವೇಗದಲ್ಲಿ ಸ್ಥಳಾಂತರಿಸಿದ ಪ್ರಕರಣ’ ಎಂದು ಕರೆದು ಅವರನ್ನು ಮನೆಗೆ ಕಳಿಸಿದರು. ತಟ್ಟಕ್ಕನಿಗೆ ಸುಳ್ಳು ಬರೆದದ್ದಕ್ಕೆ ಒಂದು ಎಚ್ಚರಿಕೆ ಪತ್ರ ಬಂತು, ಅವಳು ಅದನ್ನು ಮಡಚಿ ಇಟ್ಟುಕೊಂಡಳು. ಕೈಜಾರಿದ್ದು ಕಾಲಂ ಅನ್ನು ಹನ್ನೊಂದು ವರ್ಷದ ಉದ್ದಕ್ಕೂ ಕೆಂಪು ಮಸಿಯಿಂದ ಹೊಡೆದುಹಾಕಿದರು, ಹುಡುಗಿಯ ಎರಡು ಗೀಟೂ ಅದರ ಜೊತೆ ಹೋದವು. ಹೊಸ ಪುಸ್ತಕ ಅಚ್ಚಾಗಿ ಬಂತು. ಅದರಲ್ಲಿ ಏಳು ಕಾಲಂ ಇದ್ದವು. ಏಳನೆಯದರ ಮೇಲೆ ‘ಇತರೆ’ ಎಂದಿತ್ತು. ತಟ್ಟಕ್ಕ ಅದನ್ನು ಹೊಡೆದುಹಾಕಿ ‘ಎಸೆದದ್ದು’ ಎಂದು ತಿದ್ದಿದಳು.

ಹೊಸ ಮ್ಯಾನೇಜರು ಮೆತ್ತಗಿನ ಮನುಷ್ಯ. ಮೊದಲ ದಿನವೇ ಒಂದೊಂದು ಮೇಜಿನ ಹತ್ತಿರವೂ ನಿಂತು ಎಲ್ಲರನ್ನೂ ನೀವು ಎಂದೇ ಮಾತಾಡಿಸಿದರು. ಮಣ್ಣು ಕಲಸುವವನ ಜೊತೆ ತಾವೂ ಮಣ್ಣಿಗೆ ಕೈ ಹಾಕಿ ಹದ ನೋಡಿದರು. ಆಮೇಲೆ ಹಿಡಿ ಅಂಟಿಸುವ ಮೇಜಿನ ಪಕ್ಕದ ನಲ್ಲಿಯ ಹತ್ತಿರ ಬಂದು, ಕೈ ತೊಳೆಯಬೇಕೆಂದು ವಾಚು ಬಿಚ್ಚಿದರು.

ಇಡೀ ವಿಭಾಗ ಎಡಕ್ಕೆ ಮೂರು ಹೆಜ್ಜೆ ಸರಿಯಿತು.

ಹೊಸ ಮ್ಯಾನೇಜರು ಮಣ್ಣುಗೈಯನ್ನು ಮುಂದೆ ಚಾಚಿಕೊಂಡು, ತಮ್ಮಿಂದ ಏನು ತಪ್ಪಾಯಿತು ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ತಟ್ಟಕ್ಕ ತನ್ನ ಮೇಜನ್ನು ನೋಡಿದಳು. ಅದು ಬಲಗಡೆ ಮೂರು ಹೆಜ್ಜೆ ದೂರದಲ್ಲಿತ್ತು. ಎದ್ದದ್ದು ಯಾವಾಗ, ಸರಿದದ್ದು ಯಾವಾಗ ಎಂದು ಅವಳಿಗೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಕಪ್ಪು ಕಾಲ ಬಳಿ ಚೂರಾಗಿ ಬಿದ್ದಿತ್ತು.

ಅವಳು ಹೋಗಿ ಕೂತು ಹೊಸ ಪುಸ್ತಕದ ಮೊದಲ ಪುಟ ತೆರೆದಳು. ಹುಲ್ಲಣ್ಣ ಅಭ್ಯಾಸಬಲದಿಂದ ಮುಚ್ಚಳ ಹುಡುಕುತ್ತಿದ್ದ. “ಬೇಡ ಹುಲ್ಲಣ್ಣ” ಎಂದು, ಆರನೆಯ ಕಾಲಂನಲ್ಲಿ, ಕೈಜಾರಿದ್ದು ಎಂಬುದರ ಕೆಳಗೆ, ತನ್ನ ಹೆಸರನ್ನೇ ಬರೆದಳು. ಹನ್ನೊಂದು ವರ್ಷದಲ್ಲಿ ಆ ಕಾಲಂನಲ್ಲಿ ಅವಳು ಬರೆದ ಮೊದಲ ನಿಜ ಅದು.